ಎಸ್ಸೆಸ್ಸೆಲ್ಸಿ ಮುಗಿದ ಮೇಲಿನ ಎರಡು ತಿಂಗಳು

ಏಪ್ರಿಲ್ ಮೊದಲ ವಾರ ದಾಟುವ ಹೊತ್ತಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಗದ್ದಲ ಅಡಗುತ್ತದೆ. ಪ್ರಥಮ ಪಿಯುಸಿ ತರಗತಿ ಶುರುವಾಗಲು ಜೂನ್ ಬರಬೇಕು. ನಡುವಿನ ಎರಡು ತಿಂಗಳು ಹದಿನಾರರ ಹುಡುಗ ಹುಡುಗಿಯರಿಗೆ ಹಿಂದೆಂದೂ ಸಿಗದಿದ್ದ ಬಿಡುವು. ಮುಗಿದ ಪಾಠವನ್ನು ಮತ್ತೆ ಓದಬೇಕಿಲ್ಲ, ಮುಂದಿನ ಪುಸ್ತಕ ಇನ್ನೂ ಕೈಗೆ ಬಂದಿಲ್ಲ. ವಿಜ್ಞಾನವೋ ವಾಣಿಜ್ಯವೋ ಕಲೆಯೋ, ಯಾವ ಕಾಂಬಿನೇಷನ್, ಯಾವ ಕಾಲೇಜು ಎಂಬ ತೀರ್ಮಾನವೊಂದು ಮಾತ್ರ ತಲೆಯ ಮೇಲಿದೆ. ಮುಂದಿನ ಹತ್ತಿಪ್ಪತ್ತು ವರ್ಷವನ್ನು ಕಟ್ಟಿಹಾಕುವ ಈ ತೀರ್ಮಾನಕ್ಕೆ ಬರುವ ಮಗು ಅಲ್ಲಿಯವರೆಗೆ ಒಂದು ಕಾಲೇಜಿನ ಪ್ರಯೋಗಾಲಯವನ್ನಾಗಲಿ ಗ್ರಂಥಾಲಯವನ್ನಾಗಲಿ ಒಳಹೊಕ್ಕು ನೋಡಿರುವುದಿಲ್ಲ.

ಈ ದಿನಗಳಲ್ಲಿ ಗುಬ್ಬಿಯ ಇಲ್ಲವೇ ಕುಣಿಗಲ್ಲಿನ ಬಸ್ ನಿಲ್ದಾಣದ ಸುತ್ತ ಕಣ್ಣಾಡಿಸಿದರೆ ಕಂಬಕಂಬಕ್ಕೂ ಫ್ಲೆಕ್ಸು. ಬ್ರಿಡ್ಜ್ ಕೋರ್ಸ್, ನೀಟ್–ಜೆಇಇ ಫೌಂಡೇಶನ್, ಮೊದಲು ಸೇರಿದವರಿಗೆ ಶುಲ್ಕದಲ್ಲಿ ರಿಯಾಯಿತಿ. ಮೇ ತಿಂಗಳಲ್ಲಿ ಫಲಿತಾಂಶ ಬಂತೆಂದರೆ ಅದೇ ಕಂಬಗಳ ಮೇಲೆ 625ಕ್ಕೆ 620 ತೆಗೆದವರ ಫೋಟೊಗಳು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಇವುಗಳ ಸಾಲು ಇನ್ನೂ ಉದ್ದ. ಈ ಕೋರ್ಸುಗಳಲ್ಲಿ ನಡೆಯುವುದು ಮುಂದಿನ ವರ್ಷದ ಮೊದಲ ನಾಲ್ಕೈದು ಅಧ್ಯಾಯಗಳ ಪಾಠ. ಭೌತಶಾಸ್ತ್ರದಲ್ಲಿ ಮಾನಗಳು, ಸರಳರೇಖೆಯ ಚಲನೆ. ರಸಾಯನಶಾಸ್ತ್ರದಲ್ಲಿ ಮೋಲ್ ಲೆಕ್ಕ. ಗಣಿತದಲ್ಲಿ ಗಣಗಳು. ಜೂನ್‌ನಲ್ಲಿ ಅದೇ ಅಧ್ಯಾಯಗಳು ಮತ್ತೊಮ್ಮೆ.

ಇದರಿಂದ ಉಪಯೋಗವೇ ಇಲ್ಲ ಎನ್ನಲಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಗು ಜೂನ್‌ನ ಮೊದಲ ವಾರ ಇಂಗ್ಲಿಷ್ ಪಾಠದ ಮುಂದೆ ಕೂತು ದಿಕ್ಕೆಟ್ಟವರಂತಾಗುವುದನ್ನು ಕಂಡವರು ಈ ತರಗತಿಗಳನ್ನು ತಳ್ಳಿಹಾಕಲು ಹೋಗುವುದಿಲ್ಲ. ಆದರೆ ಸಾಲ ಮಾಡಿ ಕಟ್ಟಿದ ಶುಲ್ಕಕ್ಕೆ ಸಿಕ್ಕಿದ್ದು ಇದೇ ಪಾಠದ ಎರಡನೇ ಪ್ರತಿ ಎಂದಾಗ ಸಂಕಟವಾಗುತ್ತದೆ. ಈ ಎರಡು ತಿಂಗಳಲ್ಲಿ ಎರಡು ವಾರವಾದರೂ ನಮ್ಮ ತಾಲ್ಲೂಕುಗಳ ಮಕ್ಕಳು ವಿಶ್ವವಿದ್ಯಾಲಯದ ಆವರಣದಲ್ಲಿ ಇರುವಂತಾಗಬೇಕು, ಅಲ್ಲಿ ಒಂದೇ ಒಂದು ಪ್ರಶ್ನೆಯ ಬೆನ್ನು ಹತ್ತುವಂತಾಗಬೇಕು ಎಂಬುದು ನನ್ನ ಬಹುದಿನದ ಆಸೆ. ಆಸೆಗೆ ಆಧಾರವೂ ಇದೆ. ಇಂಥ ಕೆಲಸ ದೇಶದಲ್ಲಿ ನಡೆದಿದೆ, ನಡೆಯುತ್ತಿದೆ. ನಮ್ಮ ಮಕ್ಕಳ ಪಾಲಿಗೆ ಅದರ ಬಾಗಿಲು ಕಿರಿದು, ಅಷ್ಟೆ.

ಇಸ್ರೊ 2019ರಲ್ಲಿ 'ಯುವಿಕಾ' ಎಂಬ ಯುವ ವಿಜ್ಞಾನಿ ಕಾರ್ಯಕ್ರಮ ಆರಂಭಿಸಿತು. ಒಂಬತ್ತನೇ ತರಗತಿಯ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಸುಮಾರು ಎರಡು ವಾರ ಇಸ್ರೊ ಕೇಂದ್ರಗಳಲ್ಲೇ ವಾಸ, ಅಲ್ಲೇ ಪಾಠ, ಪ್ರಯೋಗ, ವಿಜ್ಞಾನಿಗಳ ಜತೆ ಮಾತು. ಪ್ರಯಾಣ, ಊಟ, ವಸತಿ ಎಲ್ಲ ಸಂಸ್ಥೆಯದೇ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಶಾಲೆಯಲ್ಲಿ ಓದುವವರಿಗೆ ಆಯ್ಕೆಯಲ್ಲಿ ಹೆಚ್ಚುವರಿ ಅಂಕ ಕೊಟ್ಟಿದ್ದು ಈ ಯೋಜನೆಯ ದೊಡ್ಡತನ. ಆದರೆ ಮೊದಲ ವರ್ಷ ಒಂದೊಂದು ರಾಜ್ಯದಿಂದ ತೆಗೆದುಕೊಂಡಿದ್ದು ಮೂರು ಮೂರು ಮಕ್ಕಳನ್ನು.

ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2008ರಲ್ಲಿ ತಂದ 'ಇನ್‌ಸ್ಪೈರ್' ಯೋಜನೆಯಲ್ಲಿ ವಿಶ್ವವಿದ್ಯಾಲಯಗಳು, ಕಾಲೇಜುಗಳು ಐದು ದಿನದ ವಿಜ್ಞಾನ ಶಿಬಿರ ನಡೆಸಲು ಹಣ ಇಟ್ಟರು. ಹತ್ತನೇ ತರಗತಿಯಲ್ಲಿ ತಮ್ಮ ಬೋರ್ಡಿನ ಮೊದಲ ಶೇ 1ರೊಳಗೆ ಬಂದು, ಮುಂದೆ ವಿಜ್ಞಾನ ಓದುತ್ತಿರುವವರಿಗೆ ಮಾತ್ರ ಪ್ರವೇಶ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಎಸ್ಸೆಸ್ಸೆಲ್ಸಿ ಬರೆಯುತ್ತಾರೆ. ಅವರಲ್ಲಿ ನೂರಕ್ಕೊಬ್ಬರು. ಆ ಒಬ್ಬರಾದರೂ ಶಿಬಿರಕ್ಕೆ ಬರುವ ಹೊತ್ತಿಗೆ ಕಾಂಬಿನೇಷನ್ ಆರಿಸಿಕೊಂಡಾಗಿರುತ್ತದೆ. ತೀರ್ಮಾನಕ್ಕೆ ಮೊದಲು ನೋಡಬೇಕಿದ್ದನ್ನು ತೀರ್ಮಾನವಾದ ಮೇಲೆ ತೋರಿಸಿದಂತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹೊಣೆಯಲ್ಲಿ 1999ರಿಂದ ನಡೆದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯನ್ನು 2022ರಲ್ಲಿ ನಿಲ್ಲಿಸಿ ಇನ್‌ಸ್ಪೈರ್ ಜತೆ ಸೇರಿಸಿದರು. ಅದಕ್ಕೂ ಹಿಂದೆ, 1964ರಲ್ಲಿ ದೇಶಕ್ಕೆಲ್ಲ ಹರಡಿದ ರಾಷ್ಟ್ರೀಯ ವಿಜ್ಞಾನ ಪ್ರತಿಭಾನ್ವೇಷಣೆಯಲ್ಲಿ ವರ್ಷಕ್ಕೆ 350 ಮಕ್ಕಳಿಗೆ ವಿದ್ಯಾರ್ಥಿವೇತನವಿತ್ತು, ಅವರು ಪದವಿಗೆ ಬಂದ ಮೇಲೆ ಬೇಸಿಗೆ ಶಾಲೆಗಳೂ ಇದ್ದವು. ಅರವತ್ತು ವರ್ಷದ ಉದ್ದಕ್ಕೂ ಒಂದೇ ನಡೆ: ಮೊದಲು ಜರಡಿ ಹಿಡಿ, ಆಮೇಲೆ ಕರೆ.

ಜರಡಿ ಬೇಡವೆಂದಲ್ಲ. ದೇಶಕ್ಕೆ ಬೇಕಾದ ವಿಜ್ಞಾನಿಗಳನ್ನು ಹುಡುಕುವುದು ಒಂದು ಕೆಲಸ. ಹಾಗಲವಾಡಿಯ ಅಥವಾ ಹುಲಿಯೂರುದುರ್ಗದ ಸರ್ಕಾರಿ ಪ್ರೌಢಶಾಲೆಯಲ್ಲಿ ಶೇ 70 ಅಂಕ ತೆಗೆದ ಹುಡುಗಿಗೆ ವಿಶ್ವವಿದ್ಯಾಲಯ ಎಂದರೇನೆಂದು ತೋರಿಸುವುದು ಬೇರೆಯೇ ಕೆಲಸ. ಈ ಎರಡನೆಯದನ್ನು ಯಾರೂ ತಮ್ಮದೆಂದುಕೊಂಡಿಲ್ಲ. ಅದು ಜಿಲ್ಲೆಯ ವಿಶ್ವವಿದ್ಯಾಲಯ ಮಾಡಬೇಕಾದ ಕೆಲಸ ಎಂದು ನಾನು ನಂಬಿದ್ದೇನೆ. ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರ್ಪಟ್ಟು 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು ಈ ಜಿಲ್ಲೆಗೋಸ್ಕರವೇ.

ಹೊರದೇಶಗಳಲ್ಲಿ ಇಂಥ ಬೇಸಿಗೆ ಕೋರ್ಸು ದೊಡ್ಡ ವ್ಯವಹಾರವಾಗಿ ಬೆಳೆದಿದೆ. ಅಮೆರಿಕದ ಹಲವು ಹೆಸರಾಂತ ವಿಶ್ವವಿದ್ಯಾಲಯಗಳು ಬೇಸಿಗೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಕೋರ್ಸು ನಡೆಸುತ್ತವೆ. ಹಾರ್ವರ್ಡ್‌ನಲ್ಲಿ ಎರಡು ವಾರಕ್ಕೆ ಐದು ಸಾವಿರ ಡಾಲರ್ ದಾಟುತ್ತದೆ, ಅಂದರೆ ನಾಲ್ಕು ಲಕ್ಷ ರೂಪಾಯಿಗೂ ಮೇಲೆ. ನಮ್ಮಲ್ಲಿಯೂ ಕೆಲವು ಖಾಸಗಿ ವಿಶ್ವವಿದ್ಯಾಲಯಗಳು ಅದೇ ಮಾದರಿಯಲ್ಲಿ ಶುಲ್ಕ ಕಟ್ಟುವ ಬೇಸಿಗೆ ಕಾರ್ಯಕ್ರಮ ನಡೆಸುತ್ತಿವೆ. ಆ ದಾರಿ ನಮಗಲ್ಲ. ಅದೇ ಅಮೆರಿಕದಲ್ಲಿ ನಮಗೆ ಬೇಕಾದ ಇನ್ನೊಂದು ಮಾದರಿ ಇದೆ. ಅರ್ನಾಲ್ಡ್ ರಾಸ್ ಎಂಬ ಗಣಿತದ ಪ್ರಾಧ್ಯಾಪಕರು 1957ರಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿ, ಮುಂದೆ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಒಯ್ದ ಬೇಸಿಗೆ ಗಣಿತ ಶಾಲೆ. ಆರು ವಾರ, ವಿಷಯ ಒಂದೇ, ಸಂಖ್ಯಾಸಿದ್ಧಾಂತ. ಮಕ್ಕಳಿಗೆ ದಿನಾ ಒಂದು ಹಾಳೆ ಲೆಕ್ಕ. ಅವು ಮುಂದಿನ ತರಗತಿಯ ಲೆಕ್ಕಗಳಲ್ಲ. ಒಂದು, ಎರಡು, ಮೂರು ಎಂಬ ಪೂರ್ಣಾಂಕಗಳ ನಡುವೆ ಏನು ನಂಟಿದೆ ನೋಡು, ಕಂಡದ್ದನ್ನು ಬರೆ, ಅದು ಯಾವಾಗಲೂ ನಿಜವೇ ಹೇಳು, ನಿಜವಾದರೆ ಏಕೆ ತೋರಿಸು. ಜತೆಗೆ ಕೂತು ಮಾತನಾಡಲು ಕಾಲೇಜು ಓದುವ ಅಣ್ಣ ಅಕ್ಕಂದಿರು. ಇಷ್ಟಕ್ಕೆ ಬೇಕಾದದ್ದು ಕಾಗದ, ಪೆನ್ಸಿಲ್, ಒಂದು ಕೊಠಡಿ, ಅವಸರವಿಲ್ಲದ ಸಮಯ.

ತುಮಕೂರಿನಲ್ಲಿ ಯಾವ ಪ್ರಶ್ನೆ ಎತ್ತಿಕೊಳ್ಳಬಹುದು? ನನ್ನನ್ನು ಕೇಳಿದರೆ ಶಿಂಷಾ ನದಿಯನ್ನು ತೋರಿಸುತ್ತೇನೆ.

ತುಮಕೂರು ನಗರದಿಂದ ಹದಿನೈದು ಕಿ.ಮೀ. ದೂರದ ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಶಿಂಷಾ ಹುಟ್ಟುತ್ತದೆ. ಗುಬ್ಬಿ ತಾಲ್ಲೂಕಿಗೆ ಇಳಿದು ಕಡಬದ ದೊಡ್ಡ ಕೆರೆಗೆ ನೀರು ತರುತ್ತದೆ. ದಕ್ಷಿಣಕ್ಕೆ ಹರಿದು ಕುಣಿಗಲ್ ತಾಲ್ಲೂಕಿನಲ್ಲಿ ಮಾರ್ಕೋನಹಳ್ಳಿ ಜಲಾಶಯ ತುಂಬಿಸುತ್ತದೆ. ಆಮೇಲೆ ಮಂಡ್ಯ ಜಿಲ್ಲೆಯನ್ನು ಹಾದು ಕಾವೇರಿ ಸೇರುತ್ತದೆ. ತುಮಕೂರು, ಗುಬ್ಬಿ, ಕುಣಿಗಲ್ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ ನದಿ. ಈ ಮೂರೂ ಕಡೆಯ ಮಕ್ಕಳು ಭೂಗೋಳ ಪುಸ್ತಕದಲ್ಲಿ ಗಂಗಾ, ಬ್ರಹ್ಮಪುತ್ರಾ ಓದಿಯಾರು, ಕಡಬದ ಕೋಡಿ ಬಿದ್ದ ನೀರು ಎಲ್ಲಿಗೆ ಹೋಗುತ್ತದೆಂದು ಕೇಳಿದರೆ ಹೇಳುವವರು ಕಡಿಮೆ.

ಮೇ ತಿಂಗಳಲ್ಲಿ ಹೊಳೆ ಬತ್ತಿರುತ್ತದೆ, ಆಗ ನೋಡಲು ಏನಿದೆ ಎಂದು ಯಾರಾದರೂ ಕೇಳಬಹುದು. ಬತ್ತಿದ ಕಾಲದಲ್ಲಿ ಕಾಣುವುದೇ ಹೆಚ್ಚು. ನೀರಿದ್ದಾಗ ಮುಚ್ಚಿಹೋಗುವ ಕೆರೆಯಂಗಳ, ಹೂಳು, ತೂಬಿನ ಮಟ್ಟ, ಏರಿಯ ಕಲ್ಲುಕಟ್ಟಡ ಎಲ್ಲ ಕಣ್ಣಿಗೆ ಸಿಗುತ್ತವೆ. ಹೂಳಿನಲ್ಲಿ ಒಂದು ಗುಂಡಿ ತೋಡಿ, ಹೊಸ ಮಣ್ಣು ಎಲ್ಲಿಗೆ ಮುಗಿದು ಹಳೆಯ ಗಟ್ಟಿನೆಲ ಎಲ್ಲಿ ಸಿಗುತ್ತದೆಂದು ಅಳೆಯಬಹುದು. ಒಂದು ಎಕರೆಯಲ್ಲಿ ಒಂದು ಅಡಿ ಹೂಳು ತುಂಬಿದ್ದರೆ ಕೆರೆ ಕಳೆದುಕೊಂಡ ಜಾಗ 43,560 ಘನ ಅಡಿ, ಅಂದರೆ ಹನ್ನೆರಡು ಲಕ್ಷ ಲೀಟರಿಗೂ ಹೆಚ್ಚು ನೀರು ನಿಲ್ಲುವ ಜಾಗ. ಇದು ಹತ್ತನೇ ತರಗತಿಯ ಗಣಿತವೇ. ಪತ್ರಿಕೆಯಲ್ಲಿ ದಿನಾ ಕಾಣುವ ಟಿಎಂಸಿ, ಕ್ಯುಸೆಕ್‌ಗಳನ್ನು ಮಕ್ಕಳು ಇದೇ ಜಾಡಿನಲ್ಲಿ ಬಿಡಿಸಿಕೊಳ್ಳಬಹುದು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಅದನ್ನು ಒಂದಡಿ ಎತ್ತರಕ್ಕೆ ಹರಡಿದರೆ ಸುಮಾರು 23 ಸಾವಿರ ಎಕರೆ. ನಾಲೆಯಲ್ಲಿ ಸಾವಿರ ಕ್ಯುಸೆಕ್ ಹರಿಯುತ್ತಿದ್ದರೆ ಒಂದು ಟಿಎಂಸಿ ಹರಿದು ಬರಲು ಹನ್ನೊಂದೂವರೆ ದಿನಕ್ಕೂ ಸ್ವಲ್ಪ ಹೆಚ್ಚು ಬೇಕು. ಒಮ್ಮೆ ಕೈಯಿಂದ ಲೆಕ್ಕ ಹಾಕಿದ ಮಗುವಿಗೆ ಸುದ್ದಿಯ ಆ ಅಂಕಿಗಳು ಮುಂದೆಂದೂ ಬರಿಯ ಅಂಕಿಗಳಾಗಿ ಉಳಿಯುವುದಿಲ್ಲ.

ಮಾರ್ಕೋನಹಳ್ಳಿಗೆ ಹೋದರೆ ಇನ್ನೊಂದು ಸೊಗಸು ಕಾದಿದೆ. ಯಡಿಯೂರಿನ ಹತ್ತಿರ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಈ ಅಣೆಕಟ್ಟೆಯಲ್ಲಿ ಹೆಚ್ಚುವರಿ ನೀರು ಹೊರಹೋಗಲು ಸ್ವಯಂಚಾಲಿತ ಸೈಫನ್ ವ್ಯವಸ್ಥೆ ಇದೆ. ಯಾರೂ ಗೇಟು ಎತ್ತಬೇಕಿಲ್ಲ. ಜಲಾಶಯ ತುಂಬಿ ನೀರು ಒಂದು ಮಟ್ಟ ದಾಟಿತೆಂದರೆ ಸೈಫನ್ ತಾನೇ ಎಳೆಯಲು ಶುರುಮಾಡುತ್ತದೆ, ಮಟ್ಟ ಇಳಿದರೆ ತಾನೇ ನಿಲ್ಲುತ್ತದೆ. ಮಳೆ ಹೆಚ್ಚಾದ ವರ್ಷ ಜನ ಗುಂಪುಗುಂಪಾಗಿ ಹೋಗಿ ಆ ನೀರಿನ ಅಬ್ಬರ ನೋಡಿ, ಫೋಟೊ ತೆಗೆದುಕೊಂಡು ಬರುತ್ತಾರೆ. ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಒಂದು ಪ್ಲಾಸ್ಟಿಕ್ ಬಾಟಲಿ ಸಾಕು.

ಬಾಟಲಿಯ ಮೇಲ್ಭಾಗ ಕತ್ತರಿಸಿ ತೆಗೆಯಬೇಕು. ತಳದಲ್ಲಿ ತೂತು ಮಾಡಿ, ಎಳನೀರು ಕುಡಿಯುವ ಬಗ್ಗುವ ಸ್ಟ್ರಾ ಒಂದನ್ನು ಒಳಕ್ಕೆ ತೂರಿಸಿ, ಕೊಡೆಯ ಹಿಡಿಯಂತೆ ಬಗ್ಗಿಸಿ, ಅದರ ಬಾಯಿ ತಳಕ್ಕೆ ಹತ್ತಿರ ಬರುವಂತೆ ನಿಲ್ಲಿಸಬೇಕು. ತೂತಿನ ಸುತ್ತ ಎಂ-ಸೀಲ್ ಮೆತ್ತಿದರೆ ಸೋರುವುದಿಲ್ಲ. ಈಗ ನೀರು ಹೊಯ್ಯುತ್ತ ಹೋಗಿ. ಅರ್ಧ ತುಂಬಿದರೂ ಕೆಳಗೆ ಒಂದು ಹನಿ ಬೀಳುವುದಿಲ್ಲ. ನೀರು ಸ್ಟ್ರಾದ ಬಾಗನ್ನು ದಾಟಿದ ಗಳಿಗೆಯಲ್ಲಿ ಧಾರೆ ಶುರುವಾಗುತ್ತದೆ. ಹೊಯ್ಯುವುದು ನಿಲ್ಲಿಸಿದರೂ ಧಾರೆ ನಿಲ್ಲದೆ ಬಾಟಲಿಯ ನೀರನ್ನು ತಳಮಟ್ಟದವರೆಗೂ ಎಳೆದುಬಿಡುತ್ತದೆ. ಇಲ್ಲಿ ಮಕ್ಕಳಿಗೆ ಕೇಳಬೇಕು: ಅಣೆಕಟ್ಟೆ ಹೀಗೆ ಪೂರ್ತಿ ಖಾಲಿಯಾದರೆ ಗತಿಯೇನು? ಮಾರ್ಕೋನಹಳ್ಳಿಯಲ್ಲಿ ಹಾಗಾಗದಂತೆ ಏನು ಮಾಡಿದ್ದಾರೆ? ಅರ್ಧ ದಿನ ಬಿಟ್ಟುಬಿಡಬೇಕು. ಯಾರಾದರೊಬ್ಬರು ಸ್ಟ್ರಾದ ಒಳಗಿನ ಕಾಲಿಗೆ, ಬಾಗಿಗಿಂತ ಸ್ವಲ್ಪ ಕೆಳಗೆ, ಸೂಜಿಯಿಂದ ಸಣ್ಣ ತೂತು ಮಾಡಿ ನೋಡಿಯೇ ನೋಡುತ್ತಾರೆ. ನೀರಿನ ಮಟ್ಟ ಆ ತೂತಿಗಿಂತ ಕೆಳಗಿಳಿದಾಗ ಗಾಳಿ ಒಳನುಗ್ಗಿ ಎಳೆತ ಕಡಿಯುತ್ತದೆ, ಧಾರೆ ನಿಲ್ಲುತ್ತದೆ, ಉಳಿದ ನೀರು ಉಳಿಯುತ್ತದೆ. ತೂತು ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಇನ್ನರ್ಧ ದಿನ ಬೇಕು. ಮರುದಿನ ಅಣೆಕಟ್ಟೆಯ ಮುಂದೆ ನಿಂತಾಗ ಮಕ್ಕಳ ಕಣ್ಣು ಗಾಳಿಯ ಕಿಂಡಿ ಎಲ್ಲಿದೆಯೆಂದು ಹುಡುಕುತ್ತಿರುತ್ತದೆ. ನೀರಿಲ್ಲದ ಮೇ ತಿಂಗಳು ಅದಕ್ಕೆ ಹೇಳಿ ಮಾಡಿಸಿದ ಕಾಲ.

ಇದೇ ಬಾಟಲಿಯ ಪ್ರಯೋಗವನ್ನು ಶಾಲೆಯಲ್ಲೇ ಮಾಡಬಹುದಲ್ಲ, ವಿಶ್ವವಿದ್ಯಾಲಯ ಏಕೆ ಬೇಕು? ಮುಂದಿನ ಮೆಟ್ಟಿಲು ಶಾಲೆಯಲ್ಲಿ ಇರುವುದಿಲ್ಲ, ಅದಕ್ಕೆ ಬೇಕು. ಸಿವಿಲ್ ಎಂಜಿನಿಯರಿಂಗ್ ಇರುವ ಕಾಲೇಜಿನಲ್ಲಿ ಹೈಡ್ರಾಲಿಕ್ಸ್ ಪ್ರಯೋಗಾಲಯವಿದೆ. ಅಲ್ಲಿ ನೀರನ್ನು ಹರಿಸಿ ಅಳೆಯಬಹುದು. ಶಿವಕುಮಾರ ಸ್ವಾಮೀಜಿಯವರು 1963ರಲ್ಲಿ ಸ್ಥಾಪಿಸಿದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ ಇದೇ ಊರಿನಲ್ಲಿದೆ. ರಸಾಯನಶಾಸ್ತ್ರ ವಿಭಾಗದಲ್ಲಿ, ಮಕ್ಕಳು ಮನೆಯಿಂದ ಬಾಟಲಿಯಲ್ಲಿ ತಂದ ಕೊಳವೆಬಾವಿ ನೀರಿನ ಫ್ಲೋರೈಡ್ ನೋಡಬಹುದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಬಾರದು ಎಂಬುದು ನಮ್ಮ ದೇಶದ ಮಾನದಂಡ. ಪಾವಗಡ, ಮಧುಗಿರಿ, ಶಿರಾ ಕಡೆ ಫ್ಲೋರೈಡಿನಿಂದ ಹಲ್ಲು ಕಂದಿದವರು, ಮೂಳೆ ಸೊಟ್ಟಾದವರು ಇರುವ ಜಿಲ್ಲೆ ಇದು. ತಮ್ಮ ಮನೆಯ ನೀರಿನ ಅಂಕಿ ಕೈಯಾರೆ ಕಂಡುಕೊಂಡ ಹುಡುಗಿ ಅದನ್ನು ಅಮ್ಮನಿಗೆ ಹೇಳುತ್ತಾಳೆ, ಊರಿಗೂ ಹೇಳುತ್ತಾಳೆ.

ನೀರಿನ ವಿಷಯಕ್ಕೆ ನಾನು ಇಷ್ಟು ಅಂಟಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಹೇಮಾವತಿ ನೀರನ್ನು ಪೈಪಿನಲ್ಲಿ ನೇರ ಕುಣಿಗಲ್ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆಯ ಸುತ್ತ ಗುಬ್ಬಿ, ತುಮಕೂರು ಕಡೆಯ ರೈತರು ಬೀದಿಗಿಳಿದಿದ್ದಾರೆ. ಬರಬೇಕಾದ ಪಾಲು ಬಂದೇ ಇಲ್ಲ ಎಂದು ಕೊನೆಯ ಭಾಗದ ಕುಣಿಗಲ್ಲಿನವರು ಕೇಳುತ್ತಿದ್ದಾರೆ. ಎರಡೂ ಕಡೆಯ ಸಂಕಟ ನಿಜ. ಆ ಎರಡೂ ಕಡೆಯ ಮಕ್ಕಳು ಒಂದೇ ಬೆಂಚಿನ ಮೇಲೆ ಕೂತು, ಇಳಿಜಾರು ಎಷ್ಟು, ತೆರೆದ ನಾಲೆಯಲ್ಲಿ ಆವಿಯಾಗಿ ಇಂಗಿ ಹೋಗುವುದೆಷ್ಟು, ಪೈಪಿನಲ್ಲಿ ಉಳಿಯುವುದೆಷ್ಟು, ಮೇಲಿನವರಿಗೆ ಕೊಟ್ಟು ಕೆಳಗಿನವರಿಗೆ ಎಷ್ಟು ತಲುಪೀತು ಎಂದು ಒಟ್ಟಿಗೆ ಲೆಕ್ಕ ಹಾಕಿದರೆ ವಿವಾದ ಬಗೆಹರಿಯದು. ಆದರೆ ಹತ್ತು ವರ್ಷದ ಮೇಲೆ ಆ ನೀರಿನ ಬಗ್ಗೆ ಸಭೆ ಸೇರುವ ಜನ ಇವರೇ. ಹದಿನಾರರಲ್ಲಿ ಒಟ್ಟಿಗೆ ಊಟ ಮಾಡಿದವರು ಆ ಸಭೆಯಲ್ಲಿ ಪರಿಚಯದ ಮುಖಗಳಾಗಿ ಎದುರಾದರೂ ದೊಡ್ಡದು.

ಉಳಿದ ವಿಷಯಗಳಿಗೂ ಇಲ್ಲಿ ಬರವಿಲ್ಲ. ಟಿಪ್ಪುವಿನ ಕಾಲದಿಂದ ನಡೆದು ಬಂದ ಕುಣಿಗಲ್ಲಿನ ಕುದುರೆ ಫಾರಂ ಇದೆ. ಅನುವಂಶೀಯತೆಯನ್ನು ಬಟಾಣಿ ಗಿಡದಿಂದ ಕಲಿತ ಮಕ್ಕಳಿಗೆ ಥರೋಬ್ರೆಡ್ ಕುದುರೆಯ ವಂಶಾವಳಿ ತೋರಿಸಿದರೆ ಪಾಠಕ್ಕೆ ಜೀವ ಬರುತ್ತದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ರೆಕ್ಕೆಯಿಲ್ಲದ ಯಂತ್ರ ಆಕಾಶದಲ್ಲಿ ನಿಂತಲ್ಲೇ ನಿಲ್ಲುವುದು ಹೇಗೆಂದು ಅಲ್ಲಿನ ಮಕ್ಕಳಿಗೆ ಯಾರಾದರೂ ವಿವರಿಸಿದ್ದಾರೆಯೇ?

ವಿಜ್ಞಾನವೊಂದೇ ವಿದ್ಯೆಯಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕಲಾ ವಿಭಾಗವೆಂದರೆ ಅಂಕ ಸಾಲದವರ ಜಾಗ ಎಂಬ ಮಾತು ಮಕ್ಕಳ ಕಿವಿಗೆ ಹತ್ತನೇ ತರಗತಿಯಲ್ಲೇ ಬಿದ್ದಿರುತ್ತದೆ. ಅದನ್ನು ಅಳಿಸಲು ನಾಲ್ಕು ದಿನ ಇತಿಹಾಸ ವಿಭಾಗದ ಜತೆ ಕಳುಹಿಸಿದರೆ ಸಾಕು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ 12ನೇ ಸಂಪುಟ ಪೂರ್ತಿ ತುಮಕೂರು ಜಿಲ್ಲೆಯದು, 1904ರಲ್ಲಿ ಬಂದದ್ದು. ಅದರಲ್ಲಿ ತಾಲ್ಲೂಕುವಾರು ಶಾಸನಗಳ ಪಾಠವಿದೆ. ತಮ್ಮ ಊರಿನ ಹೆಸರು ಅದರಲ್ಲಿದೆಯೇ ಎಂದು ಮಗು ಮೊದಲು ಹುಡುಕಲಿ. ಆಮೇಲೆ ನಗರದ ಪಕ್ಕದ ಕೈದಾಳಕ್ಕೆ ಹೋಗಿ 12ನೇ ಶತಮಾನದ ಚನ್ನಕೇಶವ ದೇವಾಲಯ ನೋಡಿ, ಅಲ್ಲಿನ ಶಾಸನದ ಮುಂದೆ ಕೂರಲಿ. ನೇರ ಬೆಳಕಿನಲ್ಲಿ ಶಾಸನದ ಅಕ್ಷರ ಕಲ್ಲಿನಲ್ಲಿ ಕರಗಿಹೋಗಿರುತ್ತದೆ. ಸಂಜೆಯ ಓರೆಬಿಸಿಲಿನಲ್ಲಿ, ಇಲ್ಲವೇ ಪಕ್ಕದಿಂದ ಟಾರ್ಚು ಹಿಡಿದರೆ ಒಂದೊಂದೇ ಅಕ್ಷರ ಎದ್ದು ಕಾಣುತ್ತದೆ. ಹಳಗನ್ನಡ ಪದ್ಯವನ್ನು ಕಂಠಪಾಠ ಮಾಡಿ ಬೇಸತ್ತ ಮಗುವಿಗೆ ಎಂಟುನೂರು ವರ್ಷದ ಹಿಂದೆ ಕೊರೆದ ಒಂದು ಸಾಲನ್ನು ತಾನೇ ಓದಿದೆನೆಂಬ ಹೆಮ್ಮೆ ಸಣ್ಣದಲ್ಲ. ಇನ್ನು 1884ರಲ್ಲಿ ನಾಟಕ ಕಂಪನಿ ಕಟ್ಟಿದ ಊರು ಗುಬ್ಬಿ. ರಂಗಕರ್ಮಿ ವೀರಣ್ಣನವರ ಊರಿನ ಮಕ್ಕಳಿಗೆ ರಂಗಭೂಮಿಯ ಕೋರ್ಸು ಬೇಕೇ ಎಂದು ಕೇಳಬೇಕಿಲ್ಲ.

ಭಾಷೆಯ ಮಾತು ಬಿಟ್ಟರೆ ಈ ಯೋಚನೆ ಅರ್ಧಕ್ಕೇ ನಿಲ್ಲುತ್ತದೆ. ಪಿಯು ವಿಜ್ಞಾನ ನಮ್ಮಲ್ಲಿ ಹೆಚ್ಚುಕಡಿಮೆ ಇಂಗ್ಲಿಷಿನಲ್ಲೇ ನಡೆಯುವುದು. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ಸಿಗುತ್ತದೆ, ತರಗತಿಯ ಪಾಠ ಮಾತ್ರ ಕನ್ನಡಕ್ಕೆ ಬಂದಿಲ್ಲ. ಹತ್ತು ವರ್ಷ ಕನ್ನಡದಲ್ಲಿ ಚೆನ್ನಾಗಿ ಪ್ರಶ್ನೆ ಕೇಳುತ್ತಿದ್ದ ಮಗು ಪಿಯುಸಿಯಲ್ಲಿ ಬಾಯಿ ಮುಚ್ಚಿಕೊಳ್ಳುವುದು ವಿಷಯ ಕಷ್ಟವಾಗಿ ಅಲ್ಲ, ತಪ್ಪು ಇಂಗ್ಲಿಷಿಗೆ ಯಾರು ನಗುತ್ತಾರೋ ಎಂಬ ಅಂಜಿಕೆಯಿಂದ. ಬೇಸಿಗೆ ಕೋರ್ಸಿನಲ್ಲಿ ಪ್ರಶ್ನೆ, ಚರ್ಚೆ, ಜಗಳ ಎಲ್ಲ ಕನ್ನಡದಲ್ಲಿ ನಡೆಯಲಿ. ಕೊನೆಗೆ ಕಂಡುಕೊಂಡದ್ದನ್ನು ಒಂದು ಪುಟ ಇಂಗ್ಲಿಷಿನಲ್ಲಿ ಬರೆಯಲಿ. ತನಗೆ ಚೆನ್ನಾಗಿ ಗೊತ್ತಿರುವ ವಿಷಯವನ್ನು ಬರೆಯುವಾಗ ಇಂಗ್ಲಿಷಿಗೂ ಅಷ್ಟು ಭಯವಿರುವುದಿಲ್ಲ. ಇದನ್ನು ನಡೆಸಿಕೊಡಲು ತಕ್ಕವರೆಂದರೆ ಅದೇ ವಿಶ್ವವಿದ್ಯಾನಿಲಯದ ಎಂ.ಎಸ್ಸಿ., ಎಂ.ಎ. ವಿದ್ಯಾರ್ಥಿಗಳು. ಅವರಲ್ಲಿ ಬಹುಪಾಲು ಜನ ಇದೇ ಹಳ್ಳಿಗಳಿಂದ, ಇದೇ ಕನ್ನಡ ಶಾಲೆಗಳಿಂದ ಬಂದು ಆ ಭಯವನ್ನು ದಾಟಿದವರು. ಒಬ್ಬ ಪ್ರಾಧ್ಯಾಪಕರ ಉಪನ್ಯಾಸಕ್ಕಿಂತ, 'ನಾನೂ ಫಸ್ಟ್ ಪಿಯುಸಿಲಿ ಒಂದು ಟೆಸ್ಟಲ್ಲಿ ಫೇಲಾಗಿದ್ದೆ ಕಣೋ, ಆಮೇಲೆ ಹಿಂಗೆ ಓದ್ಕೊಂಡೆ' ಎನ್ನುವ ಅಕ್ಕನ ಮಾತು ಮಗುವಿಗೆ ಹೆಚ್ಚು ತಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಮಕ್ಕಳು ಬರುವುದು ಹೇಗೆ ಎಂಬ ಪ್ರಶ್ನೆ. ಗುಬ್ಬಿ ತುಮಕೂರಿನಿಂದ 20 ಕಿ.ಮೀ. ರೈಲೂ ಇದೆ, ಬಸ್ಸೂ ಇದೆ. ಕುಣಿಗಲ್ 35 ಕಿ.ಮೀ.ಗೂ ಹೆಚ್ಚು. ಅಲ್ಲಿಯ ರೈಲು ಬೆಂಗಳೂರು–ಹಾಸನ ಮಾರ್ಗದ್ದು, ತುಮಕೂರಿಗೆ ಬರುವುದಿಲ್ಲ. ಹೆಬ್ಬೂರಿನ ಮೇಲೆ ಬರುವ ಬಸ್ಸೇ ಗತಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಚಿಂತೆಯಿಲ್ಲ. ಹುಡುಗರ ವಿದ್ಯಾರ್ಥಿ ಪಾಸು ಬೇಸಿಗೆ ರಜೆಗೆ ಬರುವುದಿಲ್ಲ, ಅದಕ್ಕೊಂದು ದಾರಿ ಮಾಡಬೇಕು. ಹುಲಿಯೂರುದುರ್ಗ, ಅಮೃತೂರು, ಹಾಗಲವಾಡಿಯ ಮಕ್ಕಳು ದಿನಾ ಹೋಗಿ ಬರುವ ಮಾತಿಲ್ಲ, ಅವರಿಗೆ ವಸತಿ ಬೇಕು. ಬೇಸಿಗೆಯಲ್ಲಿ ಸರ್ಕಾರಿ ಹಾಸ್ಟೆಲುಗಳಲ್ಲಿ ಕೊಠಡಿ ಖಾಲಿಯಿರುತ್ತವೆ. ಸಾವಿರಾರು ಮಕ್ಕಳಿಗೆ ದಿನವೂ ಅನ್ನ, ಅಕ್ಷರ, ಆಶ್ರಯ ಕೊಟ್ಟ ಸಿದ್ಧಗಂಗಾ ಮಠದ ಊರು ಇದು. ಐವತ್ತೋ ನೂರೋ ಮಕ್ಕಳನ್ನು ಎರಡು ವಾರ ಇಟ್ಟುಕೊಳ್ಳುವುದು ತುಮಕೂರಿಗೆ ಭಾರವಲ್ಲ.

ಇದಕ್ಕಿಂತ ಕಠಿಣವಾದ ಅಡ್ಡಿ ಮನೆಯೊಳಗಿದೆ. ಏಪ್ರಿಲ್, ಮೇ ಮದುವೆಗಳ ಕಾಲ. ಬಡವರ ಮನೆಯ ಹುಡುಗರು ಕಲ್ಯಾಣಮಂಟಪಗಳಲ್ಲಿ ಬಡಿಸುವ ಕೆಲಸಕ್ಕೆ, ಶಾಮಿಯಾನ ಕಟ್ಟುವ ಕೆಲಸಕ್ಕೆ ಹೋಗುತ್ತಾರೆ. ಅದರಿಂದ ಬರುವ ದುಡ್ಡು ಕಾಲೇಜಿನ ಪ್ರವೇಶ ಶುಲ್ಕಕ್ಕೆ, ಹೊಸ ಬಟ್ಟೆಗೆ, ಕೆಲವೊಮ್ಮೆ ಮನೆಯ ರೇಷನ್ನಿಗೆ. ಹುಡುಗಿಯರು ತಮ್ಮ ತಂಗಿಯರನ್ನು, ದನಕರುಗಳನ್ನು ನೋಡಿಕೊಳ್ಳಬೇಕು. ಪುಕ್ಕಟೆ ಕೋರ್ಸು ಎಂದ ಮಾತ್ರಕ್ಕೆ ಇವರು ಬರಲಾರರು. ಊಟದ ಜತೆ ದಿನಕ್ಕಿಷ್ಟು ಎಂದು ಕೈಗೆ ಸ್ವಲ್ಪ ಹಣ ಕೊಡಬೇಕು. ಅದನ್ನು ಉದಾರತೆ ಎಂದು ಕರೆಯುವುದು ಸರಿಯಲ್ಲ, ಕೂಲಿ ಬಿಟ್ಟು ಕಲಿಯಲು ಬಂದ ಮಗುವಿಗೆ ಸಲ್ಲಬೇಕಾದದ್ದು ಅದು. ಕೈಗಾರಿಕೆಗಳು ಸಾಮಾಜಿಕ ಹೊಣೆಗೆಂದು ತೆಗೆದಿಡುವ ಹಣದಲ್ಲಿ ಇದಕ್ಕೂ ಪಾಲಿರಬೇಕು. ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶ ಇರುವ ಜಿಲ್ಲೆಯಲ್ಲಿ ಹುಡುಕಿದರೆ ಸಿಗುತ್ತದೆ.

ವಿಶ್ವವಿದ್ಯಾಲಯದವರ ಕಷ್ಟವೂ ಇದೆ. ಪದವಿ ಪರೀಕ್ಷೆ, ಮೌಲ್ಯಮಾಪನ ಎಲ್ಲ ಅದೇ ಬೇಸಿಗೆಯ ಆಸುಪಾಸಿನಲ್ಲಿ ಬೀಳುತ್ತವೆ. ಪ್ರಯೋಗಾಲಯದ ಸಿಬ್ಬಂದಿ ಕಡಿಮೆ, ಅತಿಥಿ ಉಪನ್ಯಾಸಕರಿಗೆ ರಜೆಯ ಸಂಬಳವಿಲ್ಲ. ಇವರಿಂದ ಪುಕ್ಕಟೆ ದುಡಿಸಿಕೊಂಡು ನಡೆಸುವ ಕೋರ್ಸು ಒಂದು ವರ್ಷ ನಡೆದು ನಿಲ್ಲುತ್ತದೆ. ಮೊದಲ ವರ್ಷ ಒಂದೇ ವಿಷಯ, ಒಂದೇ ವಿಭಾಗ, ನಲವತ್ತು ಮಕ್ಕಳು ಎಂದು ಚಿಕ್ಕದಾಗಿ ಹಿಡಿದರೆ ನಡೆದೀತು. ಶಾಲಾ ಶಿಕ್ಷಕರನ್ನೂ ಒಳಗೆ ಸೇರಿಸಿಕೊಳ್ಳಬೇಕು. ಚಳ್ಳಕೆರೆ ಬಳಿಯ ಆವರಣದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ವಿಜ್ಞಾನ ಶಿಕ್ಷಕರಿಗೆ ವರ್ಷಗಳಿಂದ ತರಬೇತಿ ಕೊಡುತ್ತಿದೆ. ಅಲ್ಲಿ ಹೋಗಿ ಬಂದ ಮೇಷ್ಟರು, ಟೀಚರ್‌ಗಳು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಅವರು ಜತೆಗಿದ್ದರೆ ಮಕ್ಕಳಿಗೂ ಧೈರ್ಯ, ಹೆತ್ತವರಿಗೂ ಧೈರ್ಯ.

ಅಂಕದ ಜರಡಿ ಬೇಡವೆಂದರೆ ಆ ನಲವತ್ತು ಮಕ್ಕಳನ್ನು ಆರಿಸುವುದು ಹೇಗೆ? ಪ್ರತಿ ಶಾಲೆಗೂ ಒಂದು ಹಾಳೆ ಕಳಿಸಲಿ. ನಿಮ್ಮ ಊರಿನಲ್ಲಿ ನೀವು ನೋಡಿದ, ಏಕೆ ಹೀಗೆ ಎಂದು ತಿಳಿಯದ ಒಂದು ಸಂಗತಿಯನ್ನು ಕನ್ನಡದಲ್ಲಿ ಬರೆಯಿರಿ, ಅದನ್ನು ತಿಳಿಯಲು ನೀವು ಏನು ಮಾಡಿ ನೋಡುತ್ತೀರಿ ಎಂದೂ ಬರೆಯಿರಿ. ಅಷ್ಟೇ. ಓದಿ ಆರಿಸುವವರು ವಿಶ್ವವಿದ್ಯಾನಿಲಯದ ಇಬ್ಬರು, ಪ್ರೌಢಶಾಲೆಯ ಇಬ್ಬರು. ಒಂದು ಶಾಲೆಯಿಂದ ಇಬ್ಬರಿಗಿಂತ ಹೆಚ್ಚು ಬೇಡ, ಅರ್ಧದಷ್ಟು ಹುಡುಗಿಯರಿರಲಿ. ಆ ಹಾಳೆ ಜನವರಿಯೊಳಗೇ ಗುಬ್ಬಿ, ಕುಣಿಗಲ್ ಬಿಇಒ ಕಚೇರಿಗಳ ಮೂಲಕ ಶಾಲೆಗಳಿಗೆ ತಲುಪಬೇಕು. ಫೆಬ್ರುವರಿ ಬಂತೆಂದರೆ ಪೂರ್ವಸಿದ್ಧತಾ ಪರೀಕ್ಷೆ, ವಿಶೇಷ ತರಗತಿ, ಹಾಲ್‌ಟಿಕೆಟ್ಟಿನ ಓಡಾಟ. ಆಗ ಮುಖ್ಯ ಶಿಕ್ಷಕರ ಮೇಜಿನ ಮೇಲೆ ಇನ್ನೊಂದು ಸುತ್ತೋಲೆ ಬಿದ್ದರೆ ಅದನ್ನು ತೆರೆದು ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲ.